ಸೀಸಕ್ಕೆ ಸ್ಕ್ಯಾನ್‌ನಲ್ಲಿ ಬೇರೆ ಬಣ್ಣ ಇಲ್ಲ

ಮಾನ್ಯ ಸಂಪಾದಕರೇ,

ಸೀಸದಂಥ ಭಾರಲೋಹಗಳಿಗೂ ಮಿದುಳಿನ ರಕ್ತ ಸಂಚಾರಕ್ಕೂ ಇರಬಹುದಾದ ನಂಟಿನ ಬಗ್ಗೆ ನಿಮ್ಮ ಆರೋಗ್ಯ ಪುಟದಲ್ಲಿ ಬಂದ ಲೇಖನ ಓದಿದೆ. ಯಾರೂ ಅಷ್ಟಾಗಿ ಮುಟ್ಟದ ವಿಷಯ ಎತ್ತಿಕೊಂಡಿದ್ದಕ್ಕೆ ವಂದನೆ. ಆದರೆ ಜೊತೆಗೆ ಹಾಕಿದ್ದ ಬಣ್ಣಬಣ್ಣದ ಸ್ಪೆಕ್ಟ್ ಸ್ಕ್ಯಾನ್ ಚಿತ್ರವನ್ನೇ ಲೋಹದ ವಿಷಕ್ಕೆ ಸಾಕ್ಷಿ ಎನ್ನುವಂತೆ ತೋರಿಸಿದ್ದು ಸರಿಯಲ್ಲ.

ಈ ಸ್ಕ್ಯಾನ್‌ಗೆ ಮೊದಲು ಅಲ್ಪ ವಿಕಿರಣ ಸೂಸುವ ಒಂದು ಔಷಧಿಯನ್ನು ರಕ್ತನಾಳಕ್ಕೆ ಚುಚ್ಚುತ್ತಾರೆ. ಮಿದುಳಿನಲ್ಲಿ ರಕ್ತ ಜಾಸ್ತಿ ಹರಿಯುವ ಕಡೆ ಅದು ಜಾಸ್ತಿ ಸೇರುತ್ತದೆ, ಕಡಿಮೆ ಹರಿಯುವ ಕಡೆ ಕಡಿಮೆ. ಆ ಲೆಕ್ಕಕ್ಕೆ ಕಂಪ್ಯೂಟರ್ ಬಣ್ಣ ತುಂಬುತ್ತದೆ. ಎಲ್ಲಿ ಹರಿವು ತಗ್ಗಿದೆ ಎಂದು ಗೊತ್ತಾಗುತ್ತದೆ, ಯಾಕೆ ತಗ್ಗಿದೆ ಎಂದು ಗೊತ್ತಾಗುವುದಿಲ್ಲ. ಮರೆವಿನ ಕಾಯಿಲೆ, ಖಿನ್ನತೆ, ತಲೆಗೆ ಬಿದ್ದ ಹಳೆಯ ಪೆಟ್ಟು, ಕತ್ತಿನ ರಕ್ತನಾಳ ಕಟ್ಟಿಕೊಂಡಿರುವುದು, ಇವುಗಳಲ್ಲೂ ಹರಿವು ತಗ್ಗಬಹುದು. ಸೀಸಕ್ಕೇ ಅಂತ ಬೇರೆ ಬಣ್ಣ ಇಲ್ಲ.

ಹಾಗಂತ ನಂಟು ಸುಳ್ಳು ಎಂದು ನಾನು ಹೇಳುತ್ತಿಲ್ಲ. ನಂಬಲು ಗಟ್ಟಿ ಕಾರಣಗಳಿವೆ. ದೇಹದ ತೂಕದಲ್ಲಿ ಮಿದುಳಿನ ಪಾಲು ಬರೀ ಶೇ 2. ಆದರೆ ದೇಹ ಬಳಸುವ ಆಮ್ಲಜನಕದಲ್ಲಿ ಶೇ 20ರಷ್ಟು ಅದಕ್ಕೇ ಬೇಕು. ಹಾಗಾಗಿ ರಕ್ತನಾಳಕ್ಕೆ ಆಗುವ ಸಣ್ಣ ತೊಂದರೆಯೂ ಮಿದುಳಿಗೆ ತಟ್ಟುತ್ತದೆ. ನಾಳದ ಒಳಮೈಯಲ್ಲಿ ಇರುವುದು ಒಂದೇ ಪದರ ಜೀವಕೋಶ. ಅದು ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಬಿಟ್ಟಾಗ ನಾಳ ಸಡಿಲಗೊಂಡು ಅಗಲವಾಗುತ್ತದೆ. ಸೀಸ ಮೈಯೊಳಗೆ ಸೇರಿದರೆ ಈ ಅನಿಲ ಕೆಲಸಕ್ಕೆ ಬರುವ ಮೊದಲೇ ಹಾಳಾಗುತ್ತದೆ. ನಾಳ ಬಿಗಿಯುತ್ತದೆ, ಬಿಪಿ ಏರುತ್ತದೆ. ಸಿಗರೇಟಿನ ಹೊಗೆಯಲ್ಲಿ ಬರುವ ಕ್ಯಾಡ್ಮಿಯಂ, ಕೆಲವು ಕಡೆ ಕೊಳವೆಬಾವಿ ನೀರಿನಲ್ಲಿ ಬರುವ ಆರ್ಸೆನಿಕ್ ಕೂಡ ರಕ್ತನಾಳಗಳನ್ನು ಕೆಡಿಸುತ್ತವೆ. ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ 2018ರ ಒಂದು ವಿಶ್ಲೇಷಣೆಯಲ್ಲಿ, ಸೀಸ ಮತ್ತು ಕ್ಯಾಡ್ಮಿಯಂ ಹೆಚ್ಚಿದ್ದವರಲ್ಲಿ ಪಾರ್ಶ್ವವಾಯು ಕೂಡ ಹೆಚ್ಚು ಕಂಡಿತ್ತು. 2023ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಈ ಮೂರೂ ಲೋಹಗಳನ್ನು ಹೃದಯ ಮತ್ತು ರಕ್ತನಾಳದ ಕಾಯಿಲೆಗೆ ದಾರಿ ಮಾಡುವಂಥವು ಎಂದೇ ಹೇಳಿತು.

ನನ್ನ ಆತಂಕ ಇರುವುದು ಸ್ಕ್ಯಾನ್ ಆದ ಮೇಲೆ ನಡೆಯುವ ವ್ಯಾಪಾರದ ಬಗ್ಗೆ. ಹೆದರಿದ ರೋಗಿಗೆ ಮೊದಲು ಲೋಹವನ್ನು ಎಳೆದು ಹೊರಹಾಕುವ ಔಷಧಿ ಕೊಟ್ಟು, ಆಮೇಲೆ ಮೂತ್ರ ಪರೀಕ್ಷೆ ಮಾಡುತ್ತಾರೆ. ಆ ಔಷಧಿ ಕೊಟ್ಟರೆ ಆರೋಗ್ಯವಂತರ ಮೂತ್ರದಲ್ಲೂ ಲೋಹ ಏರಿಯೇ ಏರುತ್ತದೆ. ಆ ಅಂಕಿಯನ್ನು ಔಷಧಿ ಇಲ್ಲದ ಮೂತ್ರದ ಮಿತಿಗೆ ಹೋಲಿಸಿ 'ವಿಷ ತುಂಬಿದೆ' ಎನ್ನುವುದು ಜನರಿಗೆ ಮಾಡುವ ಮೋಸ. ಮುಂದಿನದು ಕೀಲೇಶನ್ ಡ್ರಿಪ್, ಅಂದರೆ ಲೋಹವನ್ನು ಎಳೆದು ಹೊರಹಾಕುವ ಔಷಧಿಯನ್ನು ರಕ್ತನಾಳದ ಮೂಲಕ ಏರಿಸುವುದು. ಪರೀಕ್ಷೆಯಲ್ಲಿ ಖಚಿತವಾದ ತೀವ್ರ ಸೀಸದ ವಿಷಕ್ಕೆ ಇದು ನಿಜಕ್ಕೂ ಮದ್ದು, ಅದೂ ಆಸ್ಪತ್ರೆಯ ನಿಗಾದಲ್ಲಿ. ಸುಮ್ನೆ 'ಡಿಟಾಕ್ಸ್' ಅಂತ ಏರಿಸುವಂಥದ್ದಲ್ಲ. ಕೀಲೇಶನ್‌ಗೆ ತಪ್ಪು ಔಷಧಿ ಏರಿಸಿ, ರಕ್ತದ ಕ್ಯಾಲ್ಸಿಯಂ ಕುಸಿದು 2005ರಲ್ಲಿ ಅಮೆರಿಕದಲ್ಲಿ ಮಕ್ಕಳು ಸತ್ತಿದ್ದಾರೆ. ಹೃದಯಾಘಾತ ಆಗಿದ್ದ ಮಧುಮೇಹಿಗಳ ಮೇಲೆ ನಡೆದ ದೊಡ್ಡ ಪ್ರಯೋಗದ ಫಲಿತಾಂಶ 2024ರಲ್ಲಿ ಹೊರಬಂತು. ಕೀಲೇಶನ್‌ನಿಂದ ರಕ್ತದ ಸೀಸ ಅರ್ಧಕ್ಕಿಂತ ಕೆಳಗೆ ಇಳಿದರೂ ಹೃದಯಾಘಾತ, ಪಾರ್ಶ್ವವಾಯು ಕಡಿಮೆಯಾಗಲಿಲ್ಲ. ವರ್ಷಗಟ್ಟಲೆ ಆದ ಹಾನಿಯನ್ನು ಕೆಲವು ಡ್ರಿಪ್‌ಗಳಲ್ಲಿ ತೊಳೆಯಲು ಆಗುವುದಿಲ್ಲ ಅಲ್ವಾ?

ಸೀಸ ಮೈಗೆ ಸೇರದಂತೆ ನೋಡಿಕೊಳ್ಳುವುದೇ ಇಲ್ಲಿ ಮುಖ್ಯ ಕೆಲಸ. ರಕ್ತದಲ್ಲಿ ಅದು ಸುಮಾರು ಒಂದು ತಿಂಗಳಲ್ಲಿ ಅರ್ಧಕ್ಕೆ ಇಳಿಯುತ್ತದೆ, ಆದರೆ ಮೂಳೆಯೊಳಗೆ ಹೊಕ್ಕರೆ ದಶಕಗಳ ಕಾಲ ಕೂರುತ್ತದೆ. ವಯಸ್ಸಾಗಿ ಮೂಳೆ ಸವೆಯುವಾಗ ಮತ್ತೆ ರಕ್ತಕ್ಕೆ ಇಳಿಯುತ್ತದೆ. ಹಳೆ ಬ್ಯಾಟರಿ ಒಡೆಯುವವರು ಕೆಲಸದ ಬಟ್ಟೆಯಲ್ಲೇ ಮನೆಗೆ ಬಂದು ಮಗುವನ್ನು ಎತ್ತಿಕೊಂಡರೆ ಆ ಧೂಳು ಮಗುವಿನ ಕೈಗೆ, ಕೈಯಿಂದ ಬಾಯಿಗೆ. ಹಳೆ ಬಣ್ಣ ಕೆರೆಯುವ ಮನೆಯಲ್ಲೂ ಇದೇ ಕತೆ. ಜಗತ್ತಿನ ಮೂವರು ಮಕ್ಕಳಲ್ಲಿ ಒಬ್ಬರ ರಕ್ತದಲ್ಲಿ, ಅಂದರೆ ಸುಮಾರು 80 ಕೋಟಿ ಮಕ್ಕಳಲ್ಲಿ, ಪ್ರತಿ ಡೆಸಿಲೀಟರ್‌ಗೆ (100 ಮಿ.ಲೀ.) 5 ಮೈಕ್ರೋಗ್ರಾಂ ಅಥವಾ ಅದಕ್ಕೂ ಹೆಚ್ಚು ಸೀಸವಿದೆ ಎಂದು ಯುನಿಸೆಫ್ 2020ರಲ್ಲಿ ಅಂದಾಜು ಮಾಡಿತ್ತು. ಸೀಸ ಎಲ್ಲಿಂದ ಬರುತ್ತಿದೆ ಎಂದು ಹುಡುಕಿ ನಿಲ್ಲಿಸಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇದೇ ಮಟ್ಟಕ್ಕೆ. ಇದನ್ನು ತಿಳಿಯಲು ದುಬಾರಿ ಮಿದುಳು ಸ್ಕ್ಯಾನ್ ಬೇಡ, ಒಂದು ರಕ್ತ ಪರೀಕ್ಷೆ ಸಾಕು.

ಬಿಪಿ, ಮರೆವು, ತಲೆನೋವು ಎಂದು ಬಂದವರನ್ನು 'ಏನು ಕೆಲಸ ಮಾಡುತ್ತೀರಿ, ಮೊದಲು ಏನು ಮಾಡುತ್ತಿದ್ದಿರಿ' ಎಂದು ಕೇಳುವ ವೈದ್ಯರು ಕಡಿಮೆ. ಕಾರ್ಮಿಕರ ಆರೋಗ್ಯ ನೋಡಿಕೊಳ್ಳುವ ತಜ್ಞರಿಂದ ಈ ಬಗ್ಗೆ ಒಂದು ಲೇಖನ ಬರೆಸಿ ಎಂದು ಕೋರುತ್ತೇನೆ. ಯಾರು ರಕ್ತ ಪರೀಕ್ಷೆ ಮಾಡಿಸಿಕೊಳ್ಳಬೇಕು, ಅಂಕಿ ಜಾಸ್ತಿ ಬಂದರೆ ಮೊದಲು ಏನು ಮಾಡಬೇಕು ಎಂಬುದು ಅದರಲ್ಲಿ ಇರಲಿ.

ಇಂತಿ,
ನಿಮ್ಮ ಓದುಗ