ನೀರು ಬಿಟ್ಟ ರಾತ್ರಿ, ದಿವಾರ್‌ಗೆ ಹೋದ ಕಥೆ

ಪುಟ್ಟವ್ವಾ,

ಭಾನುವಾರ ಫೋನ್ ಎತ್ತಲಿಲ್ಲ ಅಂತ ಸಿಟ್ಟಾಗಿದ್ದೀಯಲ್ಲ, ಈಗ ಕೇಳು. ನಾನೂ ನಿಮ್ಮಪ್ಪನೂ ಆಗ ಹೊಳೆಯ ನಡುವೆ ಇದ್ದೆವು.

ಎಂಟು ದಿನ ಕಾಯಿಸಿ, ಶನಿವಾರ ರಾತ್ರಿ ಎರಡಕ್ಕೆ ಹುಬ್ಬಳ್ಳಿಯ ನಮ್ಮ ಓಣಿಗೆ ನೀರು ಬಿಟ್ಟರು. ಡ್ರಮ್ಮು, ಕೊಡ, ಬಕೀಟು, ಕಡೆಗೆ ಕುಕ್ಕರೂ ತುಂಬಿತು. ಮುಗಿದಾಗ ನಾಲ್ಕೂವರೆ. "ಇನ್ನೇನ ಮಲಗೂದು, ನಡಿ, ಎಲ್ಲೆರ ಹೋಗಿ ಬರೂಣು" ಅಂದರು ನಿಮ್ಮಪ್ಪ. ಸುಮ್ನೆ ಅಂತಾರೆ ಅಂದುಕೊಂಡೆ. ನೋಡಿದರೆ ಕಾರಿನ ಕೀಲಿ ಕೈಯಲ್ಲೇ ಇತ್ತು. ನಾಲ್ಕು ರೊಟ್ಟಿ, ಶೇಂಗಾ ಚಟ್ನಿ, ಆಗಷ್ಟೇ ಹಿಡಿದ ನೀರಿನ ಒಂದು ಬಾಟಲಿ ಕಟ್ಟಿಕೊಂಡು ಹೊರಟೆವು.

ಅನಮೋಡ ಘಾಟ್ ಇಳಿಯುವವರೆಗೂ ಎಲ್ಲಿಗೆ ಅನ್ನೋದು ಅವರಿಗೂ ಗೊತ್ತಿರಲಿಲ್ಲ ಅನ್ಸುತ್ತೆ. ಹಳೇ ಗೋವಾದ ಚರ್ಚುಗಳ ಮುಂದೆ ಜನವೋ ಜನ. ಅದನ್ನು ದಾಟಿ ಹೊಳೆ ಕಡೆ ಇಳಿದರೆ ಫೆರಿ ನಿಂತಿತ್ತು. ಎದುರಿಗೆ ದಿವಾರ್ ದ್ವೀಪ. ಅಲ್ಲಿಗೆ ಸೇತುವೆ ಇಲ್ಲ, ಏನಿದ್ದರೂ ಫೆರಿಯೇ. ಕಾರು ಈಚೆ ದಂಡೆಯಲ್ಲೇ ಬಿಟ್ಟೆವು. ನಡೆದು ಹತ್ತುವವರಿಗೆ ಟಿಕೆಟ್ಟೂ ಇಲ್ಲ!

ಫೆರಿ ಅಂದರೆ ಏನೋ ಅಂದುಕೊಂಡಿದ್ದೆ. ಕಬ್ಬಿಣದ ದೊಡ್ಡ ಪರಾತದಂಥದ್ದು. ಮುಂದಿನ ಹಲಗೆ ದಂಡೆಯ ಮೇಲೆ ಧಡ್ ಅಂತ ಬಿತ್ತು, ಸ್ಕೂಟರುಗಳು ಒಂದರ ಹಿಂದೊಂದು ಒಳಗೆ ನುಗ್ಗಿದವು. ನಾನು ಸೆರಗು ಹಿಡಿದು ಮೂಲೆಗೆ ನಿಂತೆ.

ಆ ಹೊಳೆ ಯಾವುದು ಗೊತ್ತೇನು? ಅವರಿಗೆ ಮಾಂಡೋವಿ, ನಮಗೆ ಮಹದಾಯಿ. ಈ ಹೊಳೆಯ ನೀರಿಗೆ ಗೋವಾ ಜೊತೆಗಿನ ಜಗಳದಲ್ಲಿ, 2016ರ ಜುಲೈನಲ್ಲಿ ನ್ಯಾಯಮಂಡಳಿ ನಮ್ಮ ಕರ್ನಾಟಕದ ಅರ್ಜಿ ತಳ್ಳಿಹಾಕಿದಾಗ ಬಂದ್ ಆಗಿತ್ತಲ್ಲ, ನೀನು ಶಾಲೆಗೆ ರಜೆ ಅಂತ ಕುಣಿದಿದ್ದೆ. ನಿಮ್ಮಪ್ಪ ಟೈರಿನ ಹೊಗೆ ಮೆತ್ತಿದ ಅಂಗಿಯಲ್ಲಿ ಮನೆಗೆ ಬಂದಿದ್ದರು. 2018ರ ತೀರ್ಪಿನಲ್ಲಿ, ನಮ್ಮ ನಲ್ಲಿಗೆ ನೀರು ಕೊಡುವ ಮಲಪ್ರಭೆ ಹೊಳೆಗೆ ತಿರುಗಿಸಿಕೊಳ್ಳಲು 3.9 ಟಿಎಂಸಿ ನೀರು ಅಂತ ಬರೆದರು. ಅದಿನ್ನೂ ನಮ್ಮ ನಲ್ಲಿಗೆ ಬಂದಿಲ್ಲ. ಇಷ್ಟು ವರ್ಷ ಬಾಯಲ್ಲಿದ್ದ ಹೊಳೆಯನ್ನು ನಾವಿಬ್ಬರೂ ಕಣ್ಣಾರೆ ನೋಡಿದ್ದು ಮೊನ್ನೆಯೇ.

ಆಚೆ ದಂಡೆಯಲ್ಲಿ ನಿಮ್ಮಪ್ಪ ಬಗ್ಗಿ ಒಂದು ಬೊಗಸೆ ಎತ್ತಿ ಬಾಯಿಗೆ ಹಾಕಿಕೊಂಡರು. ಮುಖ ಹಿಂಡಿತು. ಉಪ್ಪು! ಬೇಸಿಗೆಯಲ್ಲಿ ಸಮುದ್ರದ ನೀರು ಅಲ್ಲಿವರೆಗೂ ಏರಿ ಬರುತ್ತದೆ. ಬಾಯಿ ಮುಕ್ಕಳಿಸಲು ನಮ್ಮ ಬಾಟಲಿಯನ್ನೇ ಕೊಟ್ಟೆ. ಅದರಲ್ಲಿದ್ದದ್ದು ಮಲಪ್ರಭೆ. ಎರಡೂ ಹುಟ್ಟುವುದು ಖಾನಾಪುರ ತಾಲ್ಲೂಕಿನಲ್ಲೇ, ಒಂದು ಮೂಡಣಕ್ಕೆ ಹೋಯಿತು, ಒಂದು ಪಡುವಣಕ್ಕೆ.

ದ್ವೀಪದಲ್ಲಿ ಗದ್ದೆ, ಅದರ ನಡುವೆ ಸಣ್ಣ ರಸ್ತೆ, ದಿಬ್ಬದ ಮೇಲೆ ಪಿಯದಾದ್ ಅನ್ನೋ ಊರು, ಬಿಳಿ ಚರ್ಚು. ಇದೇ ದ್ವೀಪದ ನಾರ್ವೆ ಅನ್ನೋ ಊರಿನಲ್ಲಿ ಗೋವಾ ಕದಂಬರ ಮನೆದೇವರು ಸಪ್ತಕೋಟೇಶ್ವರನ ಗುಡಿ ಇತ್ತು. ನಮ್ಮ ಖಾನಾಪುರ ಕಡೆಯ ಹಲಸಿಯಿಂದಲೂ ಆಳಿದವರೇ ಅವರು. ಪೋರ್ಚುಗೀಸರು ಗುಡಿ ಕೆಡವಿದ ಮೇಲೆ ದೇವರು ಹೊಳೆ ದಾಟಿ ಡಿಚೋಲಿ ಕಡೆ ಹೋದ. ಅಲ್ಲಿನ ಗುಡಿಯನ್ನು 1668ರಲ್ಲಿ ಶಿವಾಜಿ ಕಟ್ಟಿಸಿಕೊಟ್ಟದ್ದು. ಅಲ್ಲಿಗೂ ಇನ್ನೊಂದು ಫೆರಿ ಇದೆ, ಆದರೆ ನನ್ನ ಮೊಣಕಾಲು ಒಪ್ಪಲಿಲ್ಲ.

ಒಂದು ಮನೆಯ ಕಟ್ಟೆಯ ಮೇಲೆ ರೊಟ್ಟಿ ಬಿಚ್ಚಲೋ ಬೇಡವೋ ಅಂತ ನಿಂತಿದ್ದೆವು. ಒಳಗಿನಿಂದ ಒಬ್ಬ ಅಜ್ಜಿ, ಫ್ರಾಕು ತೊಟ್ಟವರು, "ಉದಕ ಜಾಯ್?" ಅಂತ ಕೇಳುತ್ತಾ ಬಂದರು. ನೀರು ಬೇಕಾ ಅಂತ. ಸ್ಟೀಲಿನ ಲೋಟದಲ್ಲಿ ಬಾವಿಯ ನೀರು ಕೊಟ್ಟರು. ತಣ್ಣಗಿತ್ತು. ಆಮೇಲೆ ಹಿಂದಿಯಲ್ಲಿ ಯಾವ ಊರು ಅಂದರು. ಬಂದ್‌ನಲ್ಲಿ ಗಂಟಲು ಹರಿಯುವಂತೆ ಕೂಗಿದ ನಿಮ್ಮಪ್ಪ, ಇಲಿಯ ದನಿಯಲ್ಲಿ "ಹುಬ್ಬಳ್ಳಿ" ಅಂದರು. ಅಜ್ಜಿ ಒಂದು ಕ್ಷಣ ನೋಡಿ ನಕ್ಕರು. "ನೀರು ಕೇಳೋಕೆ ಇಲ್ಲಿತನಕ ಬಂದಿರಾ?"

ನಿಮ್ಮಪ್ಪ ಇನ್ನೊಂದು ಲೋಟ ಕೇಳಿ ಕುಡಿದರು. ನಾನು ಅಜ್ಜಿಗೆ ಎರಡು ರೊಟ್ಟಿ, ಚಟ್ನಿ ಕೊಟ್ಟೆ. ಖಾರ ಜಾಸ್ತಿ ಆಯಿತೋ ಏನೋ, ಕಣ್ಣು ಒರೆಸಿಕೊಳ್ಳುತ್ತಲೇ ತಿಂದರು.

ಮನೆ ಮುಟ್ಟಿದಾಗ ರಾತ್ರಿ ಹತ್ತು. ಮುಂದಿನ ನೀರು ಸೋಮವಾರವೋ ಮಂಗಳವಾರವೋ ಬರಬಹುದು. ನೀನು ಬರುವುದಿದ್ದರೆ ಅದನ್ನು ನೋಡಿಕೊಂಡು ಟಿಕೆಟ್ ಮಾಡಿಸು, ತಲೆ ತೊಳೆದುಕೊಳ್ಳಬೇಕಲ್ಲ.

ನಿನ್ನ ಅವ್ವ