ಮುಂದಿನ ಡಿಸ್ಕ್ ಬದಲಿಸುವ ಮೊದಲು ಹಿಂದಿನ ಡ್ರಮ್ ನೋಡಿ

ಮಾನ್ಯ ಸಂಪಾದಕರೇ,

ತೊಗರಿ ರಾಶಿಯ ಹಂಗಾಮು ಬಂತೆಂದರೆ ಕಲಬುರಗಿ, ಯಾದಗಿರಿ, ಬೀದರ್ ರಸ್ತೆಗಳಲ್ಲಿ ಪಿಕಪ್ ಹಿಂದೆ ಟ್ರಾಲಿ ಕಟ್ಟಿಕೊಂಡು ಓಡುವ ಗಾಡಿಗಳು ಹೆಚ್ಚುತ್ತವೆ. ಉಳಿದ ದಿನ ಅದೇ ಗಾಡಿಗೆ ಶಹಾಬಾದ್ ಪರ್ಸಿ (ನೆಲಕ್ಕೆ ಹಾಸುವ ಕಲ್ಲು), ಸಿಮೆಂಟ್, ನೀರಿನ ಟ್ಯಾಂಕರ್. ಬ್ರೇಕ್ ಹಿಡಿಯುತ್ತಿಲ್ಲವೆಂದು ಗ್ಯಾರೇಜಿಗೆ ಬರುವ ಮಾಲೀಕರು ಈಚೆಗೆ ಮೊಬೈಲಿನಲ್ಲಿ ವಿಡಿಯೊ ತೋರಿಸಿ, ತೂತು ಕೊರೆದ ದುಬಾರಿ ಡಿಸ್ಕ್ ಪ್ಲೇಟನ್ನೇ ಹಾಕಿಕೊಡಿ ಎಂದು ಹಟ ಹಿಡಿಯುತ್ತಾರೆ. ಮುಂದಿನ ಡಿಸ್ಕ್ ಸುಟ್ಟು ನೀಲಿಯಾಗಿದ್ದರೆ ತಪ್ಪು ಹೆಚ್ಚಿನಂಶ ಆ ಡಿಸ್ಕಿನದಲ್ಲ. ಹಿಂದಿನ ಗಾಲಿಯ ಡ್ರಮ್ಮು (ಒಳಗಿನಿಂದ ಲೈನರ್ ಒತ್ತಿ ಹಿಡಿಯುವ ಬಟ್ಟಲಿನಂಥ ಬ್ರೇಕ್) ಮತ್ತು ಟ್ರಾಲಿ ತಮ್ಮ ಪಾಲಿನ ಕೆಲಸ ಮಾಡದೆ ಎಲ್ಲವನ್ನೂ ಮುಂದಿನ ಎರಡು ಪ್ಲೇಟಿನ ಮೇಲೆ ಹೊರಿಸಿರುತ್ತವೆ.

ಮೊದಲು ಲೆಕ್ಕ. ಸರಕು ಸೇರಿ 3 ಟನ್ ತೂಗುವ ಪಿಕಪ್ 60 ಕಿ.ಮೀ. ವೇಗದಲ್ಲಿದ್ದರೆ ಅದನ್ನು ನಿಲ್ಲಿಸಲು ಸುಮಾರು 415 ಕಿಲೋಜೂಲ್ ಶಕ್ತಿಯನ್ನು ಶಾಖವಾಗಿಸಬೇಕು. ಅದಕ್ಕೆ ಬ್ರೇಕಿಲ್ಲದ ಒಂದೂವರೆ ಟನ್ ಟ್ರಾಲಿ ಕಟ್ಟಿ 80ರಲ್ಲಿ ಓಡಿಸಿದರೆ ಇದೇ ಅಂಕಿ 1,110 ದಾಟುತ್ತದೆ. ತಲಾ 9 ಕೆ.ಜಿ. ಬೀಡು ಕಬ್ಬಿಣದ ಎರಡು ಮುಂದಿನ ಪ್ಲೇಟುಗಳು ಇದರಲ್ಲಿ ನೂರಕ್ಕೆ 70 ಪಾಲು ಹೊತ್ತವೆಂದು ಹಿಡಿದರೆ, ಮೊದಲನೆಯದರಲ್ಲಿ ಒಂದು ಸಲ ನಿಲ್ಲಿಸಿದ್ದಕ್ಕೆ ಪ್ಲೇಟಿನ ಬಿಸಿ 32 ಡಿಗ್ರಿ ಏರುತ್ತದೆ, ಎರಡನೆಯದರಲ್ಲಿ 85 ಡಿಗ್ರಿಗೂ ಹೆಚ್ಚು. ತಣಿಯಲು ಬಿಡುವಿಲ್ಲದೆ ನಾಲ್ಕೈದು ಸಲ ಹೀಗಾದರೆ ಪ್ಲೇಟನ್ನು ಒತ್ತಿ ಹಿಡಿಯುವ ಸಾದಾ ಪ್ಯಾಡ್ ಹಿಡಿತ ಬಿಡುತ್ತದೆ. ಬೀದರ್ ಕಡೆಯ ಎತ್ತರ 600 ಮೀಟರಿಗೂ ಮೇಲೆ, ಕಲಬುರಗಿಯದು ಸುಮಾರು 450. ಬೀದರಿನಿಂದ ಹುಮನಾಬಾದ್, ಕಮಲಾಪುರ ಮಾರ್ಗವಾಗಿ ಕಲಬುರಗಿಗೆ ಬರುವ ಗಾಡಿ ಈ ಇಳಿತವನ್ನೂ ಬ್ರೇಕಿನಲ್ಲೇ ತಡೆಯಲು ಹೊರಟರೆ ಮೇ ತಿಂಗಳ ಬಿಸಿಲಲ್ಲಿ ಏನಾಗುತ್ತದೆಂದು ಬೇರೆ ಹೇಳಬೇಕಿಲ್ಲ. ತೂಕದ ಅಂದಾಜೂ ಹಲವರಿಗೆ ಇರುವುದಿಲ್ಲ: ಒಂದಿಂಚು ದಪ್ಪದ ಪರ್ಸಿ ಚದರಡಿಗೆ 6 ಕೆ.ಜಿ. ಬರುತ್ತದೆ, 300 ಚದರಡಿ ಹೇರಿದರೆ 1,800 ಕೆ.ಜಿ.

ಈಗ ಯಾರೂ ನೋಡದ ಭಾಗ. ಬಹುಪಾಲು ಪಿಕಪ್‌ಗಳಲ್ಲಿ ಮುಂದೆ ಡಿಸ್ಕ್, ಹಿಂದೆ ಡ್ರಮ್. ಹಲವು ಮಾದರಿಗಳಲ್ಲಿ ಹಿಂದಿನ ಆಕ್ಸಲ್‌ಗೂ ಚಾಸಿಗೂ ನಡುವೆ ಒಂದು ಸಣ್ಣ ಸರಳು, ಅದರ ತುದಿಗೆ ಲೋಡ್ ಸೆನ್ಸಿಂಗ್ ವಾಲ್ವ್ ಇರುತ್ತದೆ. ಸರಕು ಬಿದ್ದು ಚಾಸಿ ತಗ್ಗಿದಂತೆ ಈ ವಾಲ್ವ್ ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತದೆ, ಖಾಲಿ ಇದ್ದಾಗ ಕಡಿಮೆ ಮಾಡುತ್ತದೆ. ನಮ್ಮ ಕಡೆ ಹೊಸ ಗಾಡಿ ತಂದ ವಾರದಲ್ಲೇ ಕಮಾನಿಗೆ (ಲೀಫ್ ಸ್ಪ್ರಿಂಗ್) ಎರಡು ಪಟ್ಟಿ ಹೆಚ್ಚಿಗೆ ಕಟ್ಟಿಸುವುದು ರೂಢಿ. ಆಮೇಲೆ ಎರಡು ಟನ್ ಹೇರಿದರೂ ಚಾಸಿ ತಗ್ಗುವುದಿಲ್ಲ, ಗಾಡಿ ಖಾಲಿ ಇದೆ ಎಂದೇ ವಾಲ್ವ್ ತಿಳಿಯುತ್ತದೆ, ಹಿಂದಿನ ಡ್ರಮ್ಮಿಗೆ ಬೇಕಾದಷ್ಟು ಒತ್ತಡ ಹೋಗುವುದಿಲ್ಲ. ಮುಂದಿನ ಪ್ಯಾಡ್ ಬೇಗ ಸವೆದು ಹಿಂದಿನ ಲೈನರ್ ಹೊಸದರಂತೆಯೇ ಉಳಿದಿದ್ದರೆ ಇದೇ ಗುಟ್ಟು. ಹಾಗಂತ ಸರಳನ್ನು ತಂತಿಯಿಂದ ಮೇಲಕ್ಕೆ ಕಟ್ಟಿಬಿಡುವುದು ಇನ್ನೂ ಕೆಟ್ಟದ್ದು. ಖಾಲಿ ಗಾಡಿ ಮಳೆಯಲ್ಲಿ ಬ್ರೇಕ್ ಒತ್ತಿದರೆ ಹಿಂದಿನ ಗಾಲಿ ಕಚ್ಚಿ ಗಾಡಿ ಅಡ್ಡ ತಿರುಗುತ್ತದೆ. ಹೆಚ್ಚುವರಿ ಪಟ್ಟಿ ಬಿಚ್ಚುವುದೇ ಸರಿಯಾದ ದಾರಿ. ಬಿಚ್ಚಿದ ಮೇಲೂ ಸರಳಿನ ಅಳತೆಯನ್ನು ಆ ಮಾದರಿಯ ಕೈಪಿಡಿಯಂತೆ ಹೊಂದಿಸಬೇಕು, ಕಣ್ಣಂದಾಜಿನಲ್ಲಿ ಅಲ್ಲ.

ಡ್ರಮ್ ಬಿಚ್ಚಿದಾಗ ನೋಡಬೇಕಾದದ್ದು ಮೂರು. ಲೈನರನ್ನು ಒತ್ತುವ ವೀಲ್ ಸಿಲಿಂಡರಿನ ರಬ್ಬರ್ ಟೋಪಿ ಎತ್ತಿ ಒಳಗೆ ಹಸಿ ಇದೆಯೇ ನೋಡಿ. ಆಕ್ಸಲ್ ಆಯಿಲ್ ಸೀಲ್ ಸೋರಿ ಲೈನರಿಗೆ ಎಣ್ಣೆ ಹತ್ತಿದ್ದರೆ ಆ ಲೈನರನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕಬೇಡಿ, ಎರಡೂ ಕಡೆ ಹೊಸದೇ ಹಾಕಿ. ಸೇಡಂ, ವಾಡಿ ಭಾಗದ ಸಿಮೆಂಟ್ ದೂಳು, ಕಲ್ಲುಗಣಿಯ ದೂಳು ತುಂಬಿ ಲೈನರಿನ ಸಂದು ಹೊಂದಿಸುವ ಅಡ್ಜಸ್ಟರ್ ಕಚ್ಚಿಕೊಂಡಿರುತ್ತದೆ. ಪೆಡಲ್ ಮೊದಲ ಸಲ ಕೆಳಗೆ ಹೋಗಿ ಎರಡನೇ ಸಲ ಒತ್ತಿದಾಗ ಮೇಲೆ ಬಂದರೆ ಅನುಮಾನ ಮೊದಲು ಅಲ್ಲಿಗೆ ಹೋಗಬೇಕು. ಡ್ರಮ್ಮನ್ನು ಲೇತಿಗೆ ಕೊಡುವ ಮುನ್ನ ಅದರ ಮೇಲೆ ಅಚ್ಚಾದ ಗರಿಷ್ಠ ವ್ಯಾಸ ಓದಿ.

ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 3 ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿಗೆ ಕುದಿಯಬೇಕು, ತೇವ ಸೇರಿದ ಮೇಲೆ ಮಿತಿ 140. ಡಾಟ್ 4ರಲ್ಲಿ ಈ ಅಂಕಿಗಳು 230 ಮತ್ತು 155. ಕುದ್ದ ಆಯಿಲ್‌ನಲ್ಲಿ ಆವಿಯ ಗುಳ್ಳೆ ಏಳುತ್ತದೆ, ಪೆಡಲ್ ನೆಲಕ್ಕೆ ಹೋಗುತ್ತದೆ, ಗಾಡಿ ತಣಿದ ಮೇಲೆ ಎಲ್ಲ ಸರಿ ಕಾಣುತ್ತದೆ. ಚಾಲಕ ಹೇಳಿದ್ದನ್ನು ಯಾರೂ ನಂಬುವುದಿಲ್ಲ! ಭಾರ ಎಳೆಯುವ ಗಾಡಿಗೆ ಮುಚ್ಚಳ ಒಡೆಯದ ಹೊಸ ಡಬ್ಬಿಯ ಡಾಟ್ 4 ಹಾಕಿ, ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ. ಸಿಲಿಕೋನಿನ ಡಾಟ್ 5 ಬೇರೆಯೇ ಪದಾರ್ಥ, ಇದರೊಂದಿಗೆ ಬೆರೆಸಬಾರದು. ಕೈಪಿಡಿ ಬೇರೆ ಹೇಳದಿದ್ದರೆ ಪೈಪಿನಲ್ಲಿ ಸೇರಿದ ಏರ್ ತೆಗೆಯುವುದನ್ನು, ಪೆಡಲ್ ಒತ್ತುವ ಮಾಸ್ಟರ್ ಸಿಲಿಂಡರಿನಿಂದ ದೂರದ ಗಾಲಿಯಿಂದ, ಅಂದರೆ ನಮ್ಮ ಗಾಡಿಗಳಲ್ಲಿ ಹಿಂದಿನ ಎಡಗಾಲಿಯಿಂದ ಶುರು ಮಾಡಿ.

ಇಷ್ಟಾದ ಮೇಲೆ ಪ್ಯಾಡು, ಪ್ಲೇಟು. ಪ್ಯಾಡಿನ ಅಂಚಿನಲ್ಲಿ ಎರಡು ಇಂಗ್ಲಿಷ್ ಅಕ್ಷರಗಳಿರುತ್ತವೆ. ಮೊದಲನೆಯದು ಸಾಮಾನ್ಯ ಬಿಸಿಯಲ್ಲಿನ ಹಿಡಿತ, ಎರಡನೆಯದು ಹೆಚ್ಚು ಬಿಸಿಯಲ್ಲಿನದು. 'ಇ' ಎಂದರೆ ಘರ್ಷಣಾಂಕ 0.25ರಿಂದ 0.35, 'ಎಫ್' ಎಂದರೆ 0.35ರಿಂದ 0.45, 'ಜಿ' ಅದಕ್ಕೂ ಮೇಲೆ. 'ಎಫ್‌ಇ' ಎಂದಿದ್ದರೆ ಬಿಸಿಯಲ್ಲಿ ಹಿಡಿತ ಕುಗ್ಗುವ ಪ್ಯಾಡ್, ಟ್ರಾಲಿಗೆ ಬೇಡ. 'ಎಫ್‌ಎಫ್' ಇರುವ ಸೆಮಿ ಮೆಟಾಲಿಕ್ (ಲೋಹ ಬೆರೆಸಿದ) ಪ್ಯಾಡ್ ಸಾಕು. ಸ್ವಲ್ಪ ಶಬ್ದ ಮಾಡುತ್ತದೆ, ಪ್ಲೇಟನ್ನೂ ತುಸು ಹೆಚ್ಚು ತಿನ್ನುತ್ತದೆ, ಅದನ್ನು ಸಹಿಸಬೇಕು.

ಪ್ಲೇಟಿನ ಬಗ್ಗೆ ನಮ್ಮ ಅಭಿಪ್ರಾಯ ನೇರ: ಕಂಪನಿ ಅಳತೆಯ, ನಡುವೆ ಗಾಳಿ ಆಡುವ, ಸಾದಾ ಮುಖದ ಒಳ್ಳೆಯ ಎರಕದ ಪ್ಲೇಟ್. ತೂತು ಕೊರೆದದ್ದು ನೋಡಲು ಚೆಂದ, ಆದರೆ ಮೇಲಿಂದ ಮೇಲೆ ಕಾದು ತಣಿಯುವಾಗ ಬಿರುಕು ಹುಟ್ಟುವುದು ಆ ತೂತಿನ ಅಂಚಿನಲ್ಲೇ. ಮುಖದ ಮೇಲೆ ಗೀರು ಕೊರೆದ ಪ್ಲೇಟ್ ಪರವಾಗಿಲ್ಲ, ಖರ್ಚಿಗೆ ತಕ್ಕ ಲಾಭವಿಲ್ಲ. ಪ್ಲೇಟು ದೊಡ್ಡದು ಮಾಡಿದರೆ ಕ್ಯಾಲಿಪರ್ (ಪ್ಯಾಡ್ ಹಿಡಿದು ಒತ್ತುವ ಭಾಗ) ಬ್ರಾಕೆಟ್, ರಿಮ್ಮಿನ ಜಾಗ, ಹಿಂದೆ ಮುಂದಿನ ಬ್ರೇಕಿನ ಸಮತೋಲ ಎಲ್ಲ ಬದಲಾಗುತ್ತವೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಮಾರ್ಪಾಡಿನ ಮೇಲೆ ನಿರ್ಬಂಧ ಹಾಕಿರುವುದೂ ನೆನಪಿರಲಿ.

ಕೂರಿಸುವಾಗ ಕೆಡಿಸುವುದೇ ಹೆಚ್ಚು. ಪ್ಲೇಟು ಕೂರುವ ಗಾಲಿ ಹಬ್‌ನ ಮುಖದ ತುಕ್ಕನ್ನು ತಂತಿ ಬ್ರಷ್ಷಿನಿಂದ ಹೊಳೆಯುವಂತೆ ತಿಕ್ಕಿ. ಅಲ್ಲಿ ಕೂದಲೆಳೆ ತುಕ್ಕು ಉಳಿದರೂ ಪ್ಲೇಟಿನ ಅಂಚು ಓಲಾಡುತ್ತದೆ. ಡಯಲ್ ಗೇಜ್ ಇಟ್ಟು ತಿರುಗಿಸಿದಾಗ ಓಲಾಟ 0.05 ಮಿ.ಮೀ. ಒಳಗಿದ್ದರೆ ನಿಶ್ಚಿಂತೆ. ಹೆಚ್ಚಿದ್ದರೆ ಮೊದಲು ಬೇರಿಂಗ್ ಸಡಿಲವಿದೆಯೇ ನೋಡಿ. ಪ್ಲೇಟ್ ಬೆಂಡ್ ಆಗಿದೆ ಎಂದು ಜನ ಹೇಳುವ ನಡುಕ ಬಹುಪಾಲು ಬೆಂಡ್ ಅಲ್ಲ, ದಪ್ಪದಲ್ಲಿ ಬಂದ ಏರುಪೇರು ಅಥವಾ ಒಂದೇ ಜಾಗದಲ್ಲಿ ಅಂಟಿದ ಪ್ಯಾಡಿನ ಪದರ. ಹೊಸ ಪ್ಲೇಟಿಗೆ ಬಳಿದ ತುಕ್ಕು ತಡೆ ಎಣ್ಣೆಯನ್ನು ಬ್ರೇಕ್ ಕ್ಲೀನರಿನಿಂದ ತೆಗೆಯಿರಿ. ಕ್ಯಾಲಿಪರನ್ನು ಹೋಸ್ ಪೈಪಿಗೆ ನೇತು ಬಿಡದೆ ತಂತಿಯಿಂದ ಕಟ್ಟಿ. ಕ್ಯಾಲಿಪರ್ ಜಾರುವ ಪಿನ್ನುಗಳಿಗೆ ಹೆಚ್ಚು ಬಿಸಿ ತಾಳುವ ಸಿಲಿಕೋನ್ ಗ್ರೀಸ್ ಹಚ್ಚಿ. ಚಾಸಿ ಗ್ರೀಸ್ ಹಚ್ಚಿದರೆ ರಬ್ಬರ್ ಉಬ್ಬಿ ಪಿನ್ ಕಚ್ಚಿ, ಒಂದು ಪ್ಯಾಡ್ ಮಾತ್ರ ಸವೆಯುತ್ತದೆ. ಗಾಲಿ ನಟ್ಟುಗಳನ್ನು ಎದುರುಬದುರಾಗಿ, ಟಾರ್ಕ್ ಪಾನಾದಿಂದ ಬಿಗಿಯಿರಿ.

ಹೊಸ ಪ್ಯಾಡನ್ನು ಪಳಗಿಸದೆ ಭಾರ ಹೇರಬೇಡಿ. ಖಾಲಿ ರಸ್ತೆಯಲ್ಲಿ 60ರಿಂದ 10ಕ್ಕೆ ಹದವಾಗಿ ಇಳಿಸಿ, ಪೂರ್ತಿ ನಿಲ್ಲಿಸದೆ ಅರ್ಧ ನಿಮಿಷ ಓಡಿಸಿ ಮತ್ತೆ ಇಳಿಸಿ. ಇದು ಹತ್ತು ಸಲ. ಆಮೇಲೆ ಬ್ರೇಕ್ ಮುಟ್ಟದೆ ಕೆಲವು ಕಿಲೋಮೀಟರ್ ಓಡಿಸಿ ತಣಿಸಿ. ಬಿಸಿ ಪ್ಲೇಟಿನ ಮೇಲೆ ಢಾಬಾದಲ್ಲಿ ನೀರು ಸುರಿಯುವ ಅಭ್ಯಾಸ ಬಿಡಿ. ಡೀಸೆಲ್ ಉಳಿಯುತ್ತದೆಂದು ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುವುದೂ ಬೇಡ: ಈಗಿನ ಡೀಸೆಲ್ ಎಂಜಿನ್ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟಾಗ ಡೀಸೆಲ್ ಕುಡಿಯುವುದೇ ಇಲ್ಲ, ನ್ಯೂಟ್ರಲ್‌ನಲ್ಲಿ ಕುಡಿಯುತ್ತದೆ.

ಟ್ರಾಲಿಗೆ ತನ್ನದೇ ಬ್ರೇಕ್ ಇಲ್ಲದಿದ್ದರೆ ಮೇಲಿನದೆಲ್ಲ ಅರ್ಧ ಕೆಲಸ. ಪಿಕಪ್ ನಿಧಾನವಾದಾಗ ಟ್ರಾಲಿ ಮುಂದೆ ನೂಕುವ ಬಲದಿಂದಲೇ ಅದರ ಬ್ರೇಕನ್ನು ಎಳೆಯುವ ಓವರ್‌ರನ್ ಕಪ್ಲಿಂಗ್‌ಗೆ ವೈರಿಂಗ್ ಕೂಡ ಬೇಕಿಲ್ಲ. ಟ್ರಾಲಿಯ ಒಟ್ಟು ತೂಕದ ಹತ್ತನೇ ಒಂದು ಭಾಗ ಹುಕ್ಕಿನ ಮೇಲೆ ಕೂರುವಂತೆ ಸರಕು ಜೋಡಿಸಿ, ಸುರಕ್ಷತಾ ಸರಪಳಿಯನ್ನು ಕಪ್ಲಿಂಗ್ ಕೆಳಗೆ ಅಡ್ಡಡ್ಡ ಕಟ್ಟಿ. ಗಾಡಿಯ ಕೈಪಿಡಿಯಲ್ಲಿ ಎಳೆಯುವ ತೂಕವನ್ನೇ ಕೊಟ್ಟಿಲ್ಲವಾದರೆ ಅದಕ್ಕೆ ಟ್ರಾಲಿ ಕಟ್ಟಲೇಬಾರದು. ಯಾವ ಡಿಸ್ಕ್ ಹಾಕಿದರೂ ಆರ್‌ಸಿಯಲ್ಲಿರುವ ತೂಕದ ಮಿತಿ ಏರುವುದಿಲ್ಲ. ಅತಿಭಾರಕ್ಕೆ ದಂಡ 20,000 ರೂಪಾಯಿ, ಜೊತೆಗೆ ಮಿತಿ ಮೀರಿದ ಪ್ರತಿ ಟನ್ನಿಗೆ 2,000.

ಸಾರಿಗೆ ಅಧಿಕಾರಿಗಳಲ್ಲಿ ಒಂದು ಕೇಳಿಕೆ. ಎಂಟು ವರ್ಷದೊಳಗಿನ ಸರಕು ಗಾಡಿಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಸುಸ್ಥಿತಿ ತಪಾಸಣೆ, ಅಂದರೆ ಎಫ್‌ಸಿ ಆಗುತ್ತದೆ. ಖಾಲಿ ಗಾಡಿಯ ಬ್ರೇಕ್ ಪರೀಕ್ಷಿಸಿದರೆ ಲೋಡ್ ವಾಲ್ವಿನ ದೋಷ ಸಿಗುವುದಿಲ್ಲ. ಹೆಚ್ಚುವರಿ ಕಮಾನು ಪಟ್ಟಿ, ವಾಲ್ವಿನ ಸರಳಿಗೆ ಕಟ್ಟಿದ ತಂತಿ ಇವೆರಡನ್ನು ಗಾಡಿ ಕೆಳಗೆ ಬಗ್ಗಿ ನೋಡಲು ಎರಡು ನಿಮಿಷ ಸಾಕು. ತೊಗರಿ ಹಂಗಾಮಿಗೆ ಮೊದಲು ಇದೊಂದನ್ನು ತಪಾಸಣೆಯ ಪಟ್ಟಿಗೆ ಸೇರಿಸಲಿ.

ಇಂತಿ,
ಬ್ರೇಕ್ ಕೆಲಸದ ಕೆಲವು ಮೆಕ್ಯಾನಿಕರು,
ಕಲಬುರಗಿ