ಮಕ್ಕಳ ವಿವರದ ಫಾರಂ ಬಗ್ಗೆ ಹೆತ್ತವರಿಗೆ ಪತ್ರ

ಪ್ರೀತಿಯ ಹೆತ್ತವರೇ, ರಕ್ಷಕರೇ,

ಕಳೆದ ವಾರ ನಮ್ಮ ಶಾಲೆಯ ಒಬ್ಬರು ಟೀಚರ್ ಮತ್ತು ಅಂಗನವಾಡಿ ಟೀಚರ್ ಒಂದು ಫಾರಂ ಹಿಡಿದು ನಿಮ್ಮ ಮನೆಗಳಿಗೆ ಬಂದಿದ್ದರು. ಮೂರು ವರ್ಷದ ಮಕ್ಕಳಿಂದ ಏಳನೇ ಕ್ಲಾಸಿನ ಮಕ್ಕಳವರೆಗೆ ಎಲ್ಲರ ವಿವರ ಅದರಲ್ಲಿ ಕೇಳಿದೆ. ಹಲವರು ಆಗಲೇ ತುಂಬಿಸಿ ಕೊಟ್ಟಿರಿ. ಕೆಲವರು ಆಮೇಲೆ ನೋಡುವ ಅಂದಿರಿ. ಕೆಲವರು ಪಂಚಾಯತಿಗೆ ಹೋಗಿ ದೂರು ಬರೆದು ಕೊಟ್ಟಿದ್ದೀರಿ. ಅದರ ಪ್ರತಿ ನನಗೂ ಸಿಕ್ಕಿದೆ. 'ಮನೆಮಾತು ಯಾವುದು ಎಂದು ಯಾಕೆ ಕೇಳಬೇಕು? ಕನ್ನಡ ಡಿವಿಷನ್ ಮುಚ್ಚಲು ಲೆಕ್ಕ ತೆಗೆಯುತ್ತಿದ್ದೀರಾ?' ಎಂಬುದು ದೂರಿನ ಮುಖ್ಯ ಮಾತು.

ಇಲ್ಲ. ಕೇರಳದ ಈ ಗಡಿ ಊರಿನಲ್ಲಿ ಕನ್ನಡ ಡಿವಿಷನ್, ಅಂದರೆ ಕನ್ನಡದಲ್ಲಿ ಪಾಠ ನಡೆಯುವ ಕ್ಲಾಸಿನ ವಿಭಾಗ, ಉಳಿಸಿಕೊಳ್ಳಲಿಕ್ಕೇ ಈ ಲೆಕ್ಕ ಬೇಕು.

ಸಂಶಯ ಯಾಕೆ ಬಂತು ಎಂದು ನನಗೆ ಅರ್ಥವಾಗುತ್ತದೆ. ಈ ವರ್ಷ ಮೂರನೇ ಕ್ಲಾಸಿನ ಎರಡು ಕನ್ನಡ ಡಿವಿಷನ್ ಒಂದಾಯಿತು. ಮಕ್ಕಳಿಗೆ ತುಂಬ ಪ್ರೀತಿಯ ಟೀಚರ್ ಒಬ್ಬರು ಬೇರೆ ಶಾಲೆಗೆ ಹೋಗಬೇಕಾಯಿತು. ಅದೇ ಹೊತ್ತಿಗೆ ಒಂದನೇ ಕ್ಲಾಸಿಗೆ ಹೊಸ ಮಲಯಾಳ ಡಿವಿಷನ್ ಬಂತು. ಅದನ್ನು ತೆಗೆದು ಇದನ್ನು ಕೊಟ್ಟರು ಎಂದು ಯಾರಿಗಾದರೂ ಅನ್ನಿಸಬಹುದು. ಆದರೆ ನಿಜ ಹಾಗಿಲ್ಲ. ಕನ್ನಡ ಮಾಧ್ಯಮದ ಮಕ್ಕಳ ಲೆಕ್ಕ ಬೇರೆ, ಮಲಯಾಳ ಮಾಧ್ಯಮದ ಲೆಕ್ಕ ಬೇರೆ. ಕನ್ನಡ ಅಧ್ಯಾಪಕರ ಹುದ್ದೆಯೂ ಬೇರೆ. ಆಚೆ ಬದಿಯಲ್ಲಿ ಮಕ್ಕಳು ಜಾಸ್ತಿಯಾದರೆ ಈಚೆ ಬದಿಯ ಹುದ್ದೆ ಹೋಗುವುದಿಲ್ಲ. ಈಚೆ ಬದಿಯಲ್ಲಿ ಮಕ್ಕಳು ಕಡಿಮೆಯಾದರೆ ಮಾತ್ರ ಹೋಗುತ್ತದೆ. ನೆರೆಮನೆಯ ಮಗು ಮಲಯಾಳಕ್ಕೆ ಸೇರಿತು ಎಂದು ಸಿಟ್ಟು ಮಾಡಿಕೊಂಡು ಪ್ರಯೋಜನವಿಲ್ಲ. ಆ ಮಗುವಿಗೂ ಶಾಲೆ ಬೇಕು, ಅಲ್ವಾ?

ಫಾರಂ ನಾವು ಸುಮ್ನೆ ಮಾಡಿದ್ದಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ, ತನ್ನ ವ್ಯಾಪ್ತಿಯಲ್ಲಿರುವ 14 ವರ್ಷದವರೆಗಿನ ಎಲ್ಲ ಮಕ್ಕಳ ದಾಖಲೆ ಇಡುವುದು ಪಂಚಾಯತಿನ ಕರ್ತವ್ಯ. ವಲಸೆ ಬಂದ ಕುಟುಂಬಗಳ ಮಕ್ಕಳನ್ನು ಶಾಲೆಗೆ ಸೇರಿಸುವುದೂ ಅದರದ್ದೇ ಹೊಣೆ. ನಮ್ಮಂಥ ಸರಕಾರಿ ಎಲ್‌ಪಿ (ಕಿರಿಯ ಪ್ರಾಥಮಿಕ), ಯುಪಿ (ಹಿರಿಯ ಪ್ರಾಥಮಿಕ) ಶಾಲೆಗಳ ಕಟ್ಟಡ, ಬೆಂಚು, ನೀರು, ಶೌಚಾಲಯ ಗ್ರಾಮ ಪಂಚಾಯತಿಗೆ ಸೇರಿದ್ದು. ಅಧ್ಯಾಪಕರ ಹುದ್ದೆ ಮತ್ತು ಸಂಬಳ ರಾಜ್ಯ ಸರಕಾರದ್ದು. ಏಪ್ರಿಲಿನಿಂದ ಶುರುವಾಗುವ ವಾರ್ಷಿಕ ಯೋಜನೆಗೆ ಪಂಚಾಯತಿನವರು ಈಗ ಪಟ್ಟಿ ಮಾಡುತ್ತಿದ್ದಾರೆ. ಗ್ರಾಮಸಭೆ ಆಗಬೇಕು, ಆಮೇಲೆ ಜಿಲ್ಲಾ ಯೋಜನಾ ಸಮಿತಿ ಒಪ್ಪಬೇಕು. ಇನ್ನೂ ಎರಡು ಕ್ಲಾಸ್‌ರೂಮ್ ಬೇಕು ಎಂದು ಕೇಳುವುದಾದರೆ ಈಗಲೇ ಕೇಳಬೇಕು. ಜೂನಿನಲ್ಲಿ ಮಕ್ಕಳು ಬಂದು ನಿಂತ ಮೇಲೆ ಕೇಳುವುದು ಮಳೆ ಶುರುವಾದ ಮೇಲೆ ಮಾಡಿಗೆ ಸೋಗೆ ಹುಡುಕಿದ ಹಾಗೆ.

ನಮ್ಮ ಊರು ಎಷ್ಟು ಬದಲಾಗಿದೆ ಎಂದು ನಿಮಗೂ ಗೊತ್ತು. ಹೈವೇ ಅಗಲ ಮಾಡುವಾಗ ಜಾಗ ಕೊಟ್ಟ ಮನೆಗಳು ಒಳಗಿನ ವಾರ್ಡುಗಳಿಗೆ ಹೋದವು. ಕೆಲವರು ಮಂಗಳೂರಿನಲ್ಲಿ ಮನೆ ಮಾಡಿದರು. ಕೆಲವರು ಊರಿನಲ್ಲೇ ಇದ್ದು ಮಕ್ಕಳನ್ನು ಗಡಿ ಆಚೆಯ ಇಂಗ್ಲಿಷ್ ಮೀಡಿಯಂ ಶಾಲೆಗೆ ವ್ಯಾನಿನಲ್ಲಿ ಕಳುಹಿಸುತ್ತಾರೆ. ಇತ್ತ ಹೊರಗಿನಿಂದ ಬಂದವರು ಬಾಡಿಗೆಗೆ ಇರುವ ಕ್ವಾರ್ಟರ್ಸುಗಳು ತುಂಬಿವೆ. ಅಸ್ಸಾಂ, ಬಂಗಾಳದವರು ಇದ್ದಾರೆ, ಬಾಗಲಕೋಟೆ, ಗದಗ ಕಡೆಯವರೂ ಇದ್ದಾರೆ. ಬಾಗಲಕೋಟೆಯ ಮಗುವಿಗೆ ಮನೆಮಾತೇ ಕನ್ನಡ. ನಮ್ಮ ಡಿವಿಷನ್ನಿಗೆ ಬಲ ಕೊಡುವ ಮಕ್ಕಳು ಅವರು. 'ಕ್ವಾರ್ಟರ್ಸಿನ ಮಕ್ಕಳನ್ನೆಲ್ಲ ಯಾಕೆ ಪಟ್ಟಿಗೆ ಹಾಕ್ತೀರಿ' ಎಂದು ದೂರಿನಲ್ಲಿ ಒಂದು ಸಾಲು ಇದೆ. ಆ ಸಾಲು ಓದಿ ನನಗೆ ಬೇಸರವಾಯಿತು. ಈ ಊರಿನಲ್ಲಿ ಇರುವ ಮಗು ಈ ಊರಿನ ಮಗುವೇ. ಪಟ್ಟಿಯಿಂದ ಯಾವ ಮಗುವನ್ನೂ ನಾನು ತೆಗೆಯುವುದಿಲ್ಲ.

ಇನ್ನು ನಿಮ್ಮ ಮುಖ್ಯ ತಕರಾರಿಗೆ ಬರುತ್ತೇನೆ. ಫಾರಂನಲ್ಲಿ ಎರಡು ಕಾಲಂ ಇವೆ. ಒಂದು ಮನೆಮಾತು. ಇನ್ನೊಂದು, ಮಗು ಯಾವ ಮಾಧ್ಯಮದಲ್ಲಿ ಕಲಿಯಬೇಕು ಎಂಬುದು. ಬಂದ ಫಾರಂಗಳನ್ನು ನಾನೇ ಕೂತು ನೋಡಿದೆ. ಮನೆಮಾತು ತುಳು, ಬ್ಯಾರಿ, ಕೊಂಕಣಿ, ಮರಾಠಿ, ಉರ್ದು ಎಂದು ಬರೆದ ಹಲವರು ಎರಡನೇ ಕಾಲಂ ಖಾಲಿ ಬಿಟ್ಟಿದ್ದೀರಿ. ಅಜ್ಜನ ಕಾಲದಿಂದ ಕನ್ನಡದಲ್ಲೇ ಕಲಿತವರು ನಾವು, ಅದನ್ನು ಬೇರೆ ಬರೆಯಬೇಕಾ ಎಂದು ನಿಮ್ಮ ಯೋಚನೆ ಇರಬಹುದು. ಬರೆಯಲೇಬೇಕು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಎಂಬುದು ಇಲ್ಲಿ ನಮಗೆಲ್ಲ ಗೊತ್ತಿರುವ ವಿಷಯ. ಕವಿ ಗೋವಿಂದ ಪೈಗಳ ಮನೆಮಾತು ಕೊಂಕಣಿ, ಕವಿ ಕಯ್ಯಾರ ಕಿಞ್ಞಣ್ಣ ರೈಗಳ ಮನೆಮಾತು ತುಳು. ಇಬ್ಬರೂ ಬರೆದು ಹೆಸರಾದದ್ದು ಕನ್ನಡದಲ್ಲಿ. ಆದರೆ ಮೇಲಿನ ಆಫೀಸಿನಲ್ಲಿ ಕೂತು ಅಂಕಿ ಕೂಡಿಸುವವರಿಗೆ ಇದು ಗೊತ್ತಿರಬೇಕೆಂದಿಲ್ಲ. ಅವರ ಕಣ್ಣಿಗೆ ಬೀಳುವುದು ಮನೆಮಾತು ತುಳು, ಮಾಧ್ಯಮ ಖಾಲಿ ಎಂದಷ್ಟೇ. ಆ ಮಗು ಕನ್ನಡದ ಲೆಕ್ಕಕ್ಕೆ ಬರುವುದಿಲ್ಲ.

ಇದನ್ನು ಮತ್ತೊಮ್ಮೆ ಹೇಳುತ್ತೇನೆ, ದಯವಿಟ್ಟು ಬೇಸರ ಮಾಡಬೇಡಿ. ಮನೆಮಾತು ಯಾವುದೇ ಇರಲಿ, ಅದನ್ನು ಸಂಕೋಚವಿಲ್ಲದೆ ಇದ್ದ ಹಾಗೆ ಬರೆಯಿರಿ. ಕನ್ನಡ ಉಳಿಯಲಿ ಎಂದು ತುಳುವರು ಮನೆಮಾತು ಕನ್ನಡ ಎಂದು ಬರೆಯಬೇಕಾಗಿಲ್ಲ. ಮಾಧ್ಯಮದ ಕಾಲಂ ಮಾತ್ರ ಖಾಲಿ ಬಿಡಬೇಡಿ. ಮಲಯಾಳ ಬೇಕಾದವರು ಮಲಯಾಳ ಎಂದೇ ಬರೆಯಿರಿ. ನಿಮ್ಮ ಮಗುವನ್ನೂ ನಾವು ಅಷ್ಟೇ ಪ್ರೀತಿಯಿಂದ ನೋಡುತ್ತೇವೆ. ಯಾರ ಆಯ್ಕೆಯನ್ನೂ ನಾನು ಪ್ರಶ್ನೆ ಮಾಡುವುದಿಲ್ಲ. ಆದರೆ ಆಯ್ಕೆ ಬರೆಯದೆ ಬಿಟ್ಟರೆ ನಿಮ್ಮ ಪರವಾಗಿ ಮಾತಾಡಲು ನನ್ನ ಕೈಯಲ್ಲಿ ಏನೂ ಇರುವುದಿಲ್ಲ.

ಜೂನಿನ ಲೆಕ್ಕದ ಬಗ್ಗೆಯೂ ಸ್ವಲ್ಪ ಹೇಳಬೇಕು. ಅಧ್ಯಾಪಕರ ಹುದ್ದೆ ನಿರ್ಧಾರವಾಗುವುದು ಶಾಲೆ ಶುರುವಾದ ಆರನೇ ಕೆಲಸದ ದಿನದ ಮಕ್ಕಳ ಸಂಖ್ಯೆಯ ಮೇಲೆ. ಎಲ್‌ಪಿಯಲ್ಲಿ 30 ಮಕ್ಕಳಿಗೆ ಒಬ್ಬರು, ಯುಪಿಯಲ್ಲಿ 35 ಮಕ್ಕಳಿಗೆ ಒಬ್ಬರು ಎಂಬ ಲೆಕ್ಕ. ಅಂಚಿನಲ್ಲಿರುವ ಕ್ಲಾಸಿನಲ್ಲಿ ಒಂದೆರಡು ಮಕ್ಕಳು ಕಡಿಮೆಯಾದರೂ ಸಾಕು, ಡಿವಿಷನ್ ಹೋಗುತ್ತದೆ. ಮೂರನೇ ಕ್ಲಾಸಿಗೆ ಆದದ್ದು ಇದೇ. ಲೆಕ್ಕ ಮುಗಿದ ಮೇಲೆ ಮಕ್ಕಳು ಬಂದು ಸೇರಿದರು. ಅವರನ್ನು ಸೇರಿಸಿಕೊಂಡೆವು, ಪಾಠವೂ ನಡೆಯುತ್ತಿದೆ. ಆದರೆ ಹೋದ ಹುದ್ದೆ ಆ ವರ್ಷಕ್ಕೆ ತಿರುಗಿ ಬರುವುದಿಲ್ಲ. ಮಗುವಿನ ಆಧಾರ್ ಸರಿಯಿಲ್ಲದಿದ್ದರೂ ತೊಂದರೆ. ಹೆಸರಿನ ಅಕ್ಷರ, ಹುಟ್ಟಿದ ದಿನ ಈಗಲೇ ನೋಡಿಟ್ಟುಕೊಳ್ಳಿ. ಆಧಾರ್ ಇಲ್ಲದ ಮಕ್ಕಳಿದ್ದರೆ ತಿಳಿಸಿ, ನಾವು ಸಹಾಯ ಮಾಡುತ್ತೇವೆ.

ರಾಜ್ಯಗಳ ಗಡಿ ಬದಲಾದ 1956ರಲ್ಲೇ ಸಂವಿಧಾನಕ್ಕೆ 350ಎ ವಿಧಿ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಅನುಕೂಲ ಕೊಡಬೇಕು ಎಂದು ಅದು ಹೇಳುತ್ತದೆ. ಆ ಹಕ್ಕಿನ ಬಗ್ಗೆ ಸಭೆಗಳಲ್ಲಿ ನಾವೆಲ್ಲ ಜೋರಾಗಿ ಮಾತಾಡುತ್ತೇವೆ, ಮಾತಾಡಲೂ ಬೇಕು. ಆದರೆ ಎಇಒ (ಸಹಾಯಕ ಶಿಕ್ಷಣಾಧಿಕಾರಿ) ಆಫೀಸಿಗೆ ನಾನು ಕೊಂಡುಹೋಗಬೇಕಾದದ್ದು ಮಕ್ಕಳ ಹೆಸರಿನ ಪಟ್ಟಿ. ಇಲ್ಲಿ ಕನ್ನಡ ಡಿವಿಷನ್ ನಿಂತರೆ ಪುಟ್ಟ ಮಕ್ಕಳು ನಡೆದು ಹೋಗುವಷ್ಟು ಹತ್ತಿರ ಬೇರೆ ಕನ್ನಡ ಶಾಲೆ ಇಲ್ಲ. ಈ ಯೋಚನೆಯಲ್ಲಿ ರಾತ್ರಿ ನನಗೆ ನಿದ್ದೆ ಬರುವುದಿಲ್ಲ.

ಮನೆಮನೆಗೆ ಬಂದ ಟೀಚರ್ ಬಗ್ಗೆ ಒಂದು ಮಾತು. ಶಾಲೆ ಬಿಟ್ಟ ಮೇಲೆ, ತಮ್ಮ ಮನೆ ಕೆಲಸ ಬದಿಗಿಟ್ಟು ಅವರು ಬಂದದ್ದು. ಕಳುಹಿಸಿದ್ದು ನಾನು. ಒಂದೆರಡು ಮನೆಗಳಲ್ಲಿ ಅವರಿಗೆ ಕೇಳಬಾರದ ಮಾತು ಕೇಳಬೇಕಾಯಿತು. ಸಿಟ್ಟಿದ್ದರೆ ನನ್ನ ಹತ್ತಿರ ಬಂದು ಹೇಳಿ, ಎಷ್ಟು ಹೊತ್ತಾದರೂ ಕೂತು ಕೇಳುತ್ತೇನೆ. ನಮ್ಮ ಟೀಚರುಗಳನ್ನು ಅಂಗಳದಲ್ಲಿ ನಿಲ್ಲಿಸಿ ಬೈಯುವುದನ್ನು ಮಾತ್ರ ನಾನು ಒಪ್ಪುವುದಿಲ್ಲ.

ಫಾರಂನಲ್ಲಿ ಜಾತಿ ಕೇಳಿಲ್ಲ, ರೇಷನ್ ಕಾರ್ಡ್ ಕೇಳಿಲ್ಲ, ವೋಟಿನ ವಿಷಯ ಅದರಲ್ಲಿ ಇಲ್ಲವೇ ಇಲ್ಲ.

ಎರಡೂ ಕಾಲಂ ತುಂಬಿಸಿದ ಫಾರಂ ಬರುವ ಶುಕ್ರವಾರದ ಒಳಗೆ ಮಗುವಿನ ಕೈಯಲ್ಲಿ ಶಾಲೆಗೆ ಕಳುಹಿಸಿಕೊಡಿ.

ಗಲ್ಫಿನಲ್ಲಿರುವ ತಂದೆಯ ಸಹಿ ಬೇಕಾಗಿಲ್ಲ, ತಾಯಿ ಅಥವಾ ಅಜ್ಜ ಅಜ್ಜಿಯ ಸಹಿ ಸಾಕು. ಮಾಧ್ಯಮದ ಕಾಲಂ ಖಾಲಿ ಇರುವ ಫಾರಂಗಳನ್ನು ಮಕ್ಕಳ ಚೀಲದಲ್ಲಿ ವಾಪಸ್ ಕಳುಹಿಸಿದ್ದೇವೆ, ನೋಡಿ. ಬರೆಯಲು ಕಷ್ಟವಾದರೆ ಸಂಜೆ ನಾಲ್ಕರ ಮೇಲೆ ಆಫೀಸಿಗೆ ಬನ್ನಿ, ನಾವೇ ತುಂಬಿಸಿ ಓದಿ ಹೇಳುತ್ತೇವೆ. ಕ್ವಾರ್ಟರ್ಸಿನವರಿಗಾಗಿ ಶನಿವಾರ ಬೆಳಿಗ್ಗೆ ಪಿಟಿಎಯವರು (ರಕ್ಷಕ-ಶಿಕ್ಷಕ ಸಂಘದವರು) ಅಲ್ಲಿಗೇ ಬರುತ್ತಾರೆ.

ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ